ತಾನೇ ಆರಿಸಿಕೊಳ್ಳುವ ಒಂದು ತಿಂಗಳು

ರಾತ್ರಿ ಎರಡು ಗಂಟೆ. ಆಸ್ಪತ್ರೆಯ ವಾರ್ಡುಗಳಲ್ಲೆಲ್ಲ ದೀಪ ಮಂಕಾಗಿದೆ. ಒಂದು ಬಾಗಿಲು ಮಾತ್ರ ತೆರೆದೇ ಇದೆ. ಎದೆಯನ್ನು ಒತ್ತಿ ಹಿಡಿದುಕೊಂಡ ವೃದ್ಧರು, ನೋವು ತಿನ್ನುತ್ತಿರುವ ಗರ್ಭಿಣಿ, ನಾಣ್ಯ ನುಂಗಿದ ಮಗು, ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡ ಕೂಲಿಯಾಳು - ಯಾರು ಯಾವ ಗಳಿಗೆಯಲ್ಲಿ ಒಳಗೆ ಬಂದಾರೆಂದು ಹೇಳಬಲ್ಲವರಿಲ್ಲ. ಹೃದಯದ ತಜ್ಞರು, ಎಲುಬಿನ ತಜ್ಞರು, ಮಕ್ಕಳ ತಜ್ಞರು ತಂತಮ್ಮ ಮನೆಗಳಲ್ಲಿ ಮಲಗಿದ್ದಾರೆ. ಬಂದವರನ್ನೆಲ್ಲ ಮೊದಲು ಎದುರುಗೊಳ್ಳುವವರು ಒಬ್ಬ ಡಾಕ್ಟರು. ನಮ್ಮಲ್ಲಿ ಕ್ಯಾಷುಯಾಲ್ಟಿ ಎಂದೂ ಅಮೆರಿಕದಲ್ಲಿ ಎಮರ್ಜೆನ್ಸಿ ಎಂದೂ ಹೆಸರುಗೊಂಡ ಆ ಕೋಣೆಯ ವೈದ್ಯರಿಗೆ ಎಲ್ಲ ವಿದ್ಯೆಯೂ ಸ್ವಲ್ಪ ಸ್ವಲ್ಪ ಬಂದರೆ ಸಾಲದು. ಮೊದಲ ಹತ್ತು ನಿಮಿಷದ ಮಟ್ಟಿಗಾದರೂ ಎಲ್ಲವೂ ಚೆನ್ನಾಗಿಯೇ ಬರಬೇಕು.

ಇಂಥ ವೈದ್ಯರನ್ನು ತಯಾರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಿರಲಿಲ್ಲ. ಅಮೆರಿಕದಲ್ಲಿಯೂ ಅಷ್ಟೆ, ಆ ಕೋಣೆಯನ್ನು ಕಾಯುತ್ತಿದ್ದವರು ಸರದಿಯ ಮೇಲೆ ಬರುವ ಎಳೆಯ ಡಾಕ್ಟರುಗಳು, ಇಲ್ಲವೆ ಬೇರೆ ವಿಭಾಗಗಳಿಂದ ಒಲ್ಲದ ಮನಸ್ಸಿನಿಂದ ಬಂದವರು. 1961ರಲ್ಲಿ ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಡಾಕ್ಟರ್ ಜೇಮ್ಸ್ ಮಿಲ್ಸ್ ಎಂಬವರು ಮೂವರು ಸಂಗಡಿಗರೊಡನೆ ತಮ್ಮ ಖಾಸಗಿ ವೃತ್ತಿಯನ್ನು ಬಿಟ್ಟು, ಹಗಲಿರುಳೂ ಆ ಕೋಣೆಯ ಹೊಣೆಯನ್ನೇ ಹೊತ್ತರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯ ಇದಕ್ಕೆಂದೇ ರೆಸಿಡೆನ್ಸಿ ಶಿಕ್ಷಣವನ್ನು ಆರಂಭಿಸಿತು. ಅದರ ಮೊದಲ ವಿದ್ಯಾರ್ಥಿ ಬ್ರೂಸ್ ಜೇನಿಯಕ್. ಕಲಿಸುವುದಕ್ಕೆ ಆ ಶಾಸ್ತ್ರದಲ್ಲೇ ಪದವಿ ಪಡೆದ ಗುರುಗಳು ಇರುವಂತಿರಲಿಲ್ಲ, ಪದವಿಯೇ ಇರಲಿಲ್ಲವಷ್ಟೆ! 1979ರಲ್ಲಿ ಅದು ಸ್ವತಂತ್ರ ಶಾಖೆಯೆಂದು ಆ ದೇಶದಲ್ಲಿ ಮಾನ್ಯವಾಯಿತು.

ಇಂದು ಅಲ್ಲಿ ಈ ಶಿಕ್ಷಣದ ಅವಧಿ ಮೂರು ವರ್ಷ, ಕೆಲವೆಡೆ ನಾಲ್ಕು. ಸ್ವಂತ ವಿಭಾಗದಲ್ಲಿ ದುಡಿಯುವುದರ ಜೊತೆಗೆ ವಿದ್ಯಾರ್ಥಿಯು ಮನೆಯಿಂದ ಮನೆಗೆ ವಾರಾನ್ನಕ್ಕೆ ಹೋಗುತ್ತಿದ್ದ ಹಳೆಯ ಕಾಲದ ಬಡ ಹುಡುಗನಂತೆ ವಿಭಾಗದಿಂದ ವಿಭಾಗಕ್ಕೆ ತಿರುಗುತ್ತಾನೆ. ಒಂದು ತಿಂಗಳು ತೀವ್ರ ನಿಗಾ ಘಟಕ, ಒಂದು ತಿಂಗಳು ಮಕ್ಕಳ ವಾರ್ಡು, ಮತ್ತೊಂದು ತಿಂಗಳು ಅರಿವಳಿಕೆ ಕೊಡುವವರ ಬಳಿ, ಇನ್ನೊಂದು ಹೆರಿಗೆಯ ಕೋಣೆ. ಎಲ್ಲಿಗೆ ಯಾವಾಗ ಹೋಗಬೇಕೆಂಬುದನ್ನು ಗೊತ್ತುಮಾಡುವವರು ಬೇರೆಯವರು. ಹೋದ ಕಡೆಯೆಲ್ಲ ಅವನು ಅತಿಥಿ, ಬಡಿಸಿದ್ದನ್ನು ಉಣ್ಣಬೇಕು. ಇಷ್ಟರ ನಡುವೆ ಕೆಲವು ವಾರಗಳು ಮಾತ್ರ ಅವನ ಸ್ವಂತಕ್ಕೆ ಬಿಟ್ಟವು. ಅವುಗಳಿಗೆ ಎಲೆಕ್ಟಿವ್ ಎಂದು ಹೆಸರು. ನಮ್ಮ ಕಾಲೇಜುಗಳ ಮಾತಿನಲ್ಲಿ ಹೇಳುವುದಾದರೆ ಐಚ್ಛಿಕ. ಸಾಮಾನ್ಯವಾಗಿ ಇವು ಬರುವುದು ಕೊನೆಕೊನೆಯ ವರ್ಷಗಳಲ್ಲಿ.

ಐಚ್ಛಿಕವೆಂದೊಡನೆ ವಿದ್ಯಾರ್ಥಿಯ ಮನಸ್ಸು ಎತ್ತ ಓಡುವುದೆಂಬುದನ್ನು ಬಿ. ಎ. ತರಗತಿಯ ಉಪಾಧ್ಯಾಯರಿಗೆ ಹೇಳಿಕೊಡಬೇಕಾದ್ದಿಲ್ಲ. ಸುಲಭವಾಗಿ ಅಂಕ ಬರುವುದು ಯಾವುದು, ಹಾಜರಿಯನ್ನು ಬಿಗಿಯಾಗಿ ಕೇಳದ ಮೇಷ್ಟರು ಯಾರು, ಗೆಳೆಯರು ಯಾವ ಬೆಂಚಿನಲ್ಲಿ ಕೂರುತ್ತಾರೆ ಎಂಬುದೇ ಅನೇಕರ ವಿಚಾರ. ಡಾಕ್ಟರುಗಳೂ ಮನುಷ್ಯರೇ. ಅಮೆರಿಕದಲ್ಲಿ 2003ರ ನಿಯಮದಂತೆ ರೆಸಿಡೆಂಟರ ದುಡಿಮೆ ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆಗಳನ್ನು ಮೀರಬಾರದು. ಮಿತಿಯೇ ಇಷ್ಟಾದ ಮೇಲೆ ದುಡಿಮೆ ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಹಗಲು ಮಾತ್ರ ಕೆಲಸವಿರುವ ಒಂದು ತಿಂಗಳನ್ನು ಆರಿಸಿಕೊಂಡು, ಸಂಜೆ ಹೆಂಡತಿ ಮಕ್ಕಳ ಮುಖವನ್ನು ಎಚ್ಚರವಾಗಿರುವಾಗ ನೋಡುವ ಆಸೆ ಯಾರಿಗಾದರೂ ಬಂದರೆ ಅದನ್ನು ಸೋಮಾರಿತನವೆನ್ನುವುದು ನ್ಯಾಯವಲ್ಲ. ಮುಂದೆ ಕೆಲಸ ಸಿಕ್ಕೀತೆಂಬ ಆಸೆಯಿಂದ, ತನಗೆ ಬೇಕಾದ ಊರಿನ ಆಸ್ಪತ್ರೆಯಲ್ಲಿಯೇ ಆ ತಿಂಗಳನ್ನು ಕಳೆದು ಹತ್ತು ಜನಕ್ಕೆ ಮುಖ ಪರಿಚಯ ಮಾಡಿಕೊಳ್ಳುವವರೂ ಉಂಟು.

ಆದರೆ ಇನ್ನೊಂದು ಬಗೆಯ ಆಯ್ಕೆಯೂ ಇದೆ. ಅದು ಹುಟ್ಟುವುದು ಭಯದಿಂದ. ಎರಡು ವರ್ಷ ರಾತ್ರಿಯ ಪಾಳಿ ಮಾಡಿದ ಡಾಕ್ಟರಿಗೆ ತನ್ನ ಕೈ ಎಲ್ಲಿ ನಡುಗುವುದೆಂಬುದು ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಒಬ್ಬಳಿಗೆ ಅದು ಕಣ್ಣು. ಕಣ್ಣು ಕೆಂಪಾಗಿ, ತಲೆ ಸಿಡಿಯುತ್ತ, ವಾಂತಿ ಮಾಡಿಕೊಂಡು ಬರುವ ಮುದುಕಿಗೆ ಹೊಟ್ಟೆಯ ಔಷಧಿ ಕೊಟ್ಟು ಕಳುಹಿಸಿದರೆ, ಅದು ಹಠಾತ್ತಾಗಿ ಏರಿದ ಕಣ್ಣಿನ ಒಳ ಒತ್ತಡವಾಗಿದ್ದ ಪಕ್ಷದಲ್ಲಿ ದೃಷ್ಟಿಯೇ ಹೋಗಬಹುದು. ಅದನ್ನು ಗುರುತಿಸಬೇಕಾದರೆ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಕುಳಿತು ನೂರಾರು ಕಣ್ಣುಗಳನ್ನು ನೋಡಿರಬೇಕು. ಕಣ್ಣಾಸ್ಪತ್ರೆಯ ಒಂದು ತಿಂಗಳಿನಲ್ಲಿ ಗಂಟೆ ಬಾರಿಸುವ ಗಾಡಿಗಳಿಲ್ಲ, ರಕ್ತವಿಲ್ಲ, ಗೆಳೆಯರ ಮುಂದೆ ಬಣ್ಣಿಸುವ ಕಥೆಗಳೂ ಇಲ್ಲ. ಅಂಥದನ್ನು ತಾನಾಗಿ ಆರಿಸಿಕೊಂಡವಳು ಮೆಚ್ಚಿಕೆಗೆ ಅರ್ಹಳು.

ಮತ್ತೊಬ್ಬನಿಗೆ ಅದು ವಿಷ. ಅವನು ವಿಷ ಮಾಹಿತಿ ಕೇಂದ್ರವನ್ನು ಆರಿಸಿಕೊಳ್ಳುತ್ತಾನೆ. ಅಮೆರಿಕದಲ್ಲಿ ಇಂಥ ಮೊದಲ ಕೇಂದ್ರ 1953ರಲ್ಲಿ ಷಿಕಾಗೋ ನಗರದಲ್ಲಿ ಆರಂಭವಾಯಿತು. ನಮ್ಮ ದೇಶದ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ಇದೆ. ಅಲ್ಲಿ ರೋಗಿ ಕಣ್ಣಿಗೆ ಬೀಳುವುದೇ ಅಪರೂಪ. ಟೆಲಿಫೋನಿನಲ್ಲಿ ಬರುವ ಗಾಬರಿಯ ಧ್ವನಿಯೇ ರೋಗಿ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಹುಡುಗಿಯೊಬ್ಬಳು ಮುಷ್ಟಿಯಷ್ಟು ನುಂಗಿದ್ದಾಳೆ. ಈಗ ಚೆನ್ನಾಗಿಯೇ ಇದ್ದಾಳೆ, ಮನೆಗೆ ಕಳುಹಿಸಬಹುದೆ? ಕೂಡದು. ಮೊದಲ ದಿನ ನಗುನಗುತ್ತಲೇ ಇರುವವರ ಯಕೃತ್ತು ಮೂರನೆಯ ದಿನ ಕೆಟ್ಟುಹೋಗಬಹುದು. ನುಂಗಿದ ನಾಲ್ಕು ಗಂಟೆಯ ಮೇಲೆ ರಕ್ತ ತೆಗೆದು ಅಂಶವನ್ನು ಅಳೆಯಬೇಕು. ಎಂಟು ಗಂಟೆಯೊಳಗೆ ಪ್ರತಿವಿಷವನ್ನು ಕೊಟ್ಟರೆ ಬಹುಮಟ್ಟಿಗೆ ಅಪಾಯವಿಲ್ಲ. ಯಾವ ಗಂಟೆಯಲ್ಲಿ ನುಂಗಿದಳೆಂದು ಅಳುತ್ತಿರುವ ತಾಯಿಯಿಂದ ಕೇಳಿ ತಿಳಿಯುವುದೇ ಅಲ್ಲಿ ಕಲಿಯಬೇಕಾದ ದೊಡ್ಡ ವಿದ್ಯೆ.

ಕೆಲವರು ಆ ತಿಂಗಳನ್ನು ದೂರದೇಶದಲ್ಲಿ ಕಳೆಯಬಯಸುತ್ತಾರೆ. ಇದಕ್ಕೆ ಹಣದ ತೊಡಕಿದೆ. ಅಲ್ಲಿಯ ರೆಸಿಡೆಂಟರ ಶಿಕ್ಷಣಕ್ಕಾಗಿ ಸರ್ಕಾರ ಮೆಡಿಕೇರ್ ಎಂಬ ಯೋಜನೆಯ ಮೂಲಕ ಆಸ್ಪತ್ರೆಗಳಿಗೆ ಕೊಡುವ ನೆರವು ಹೊರದೇಶದಲ್ಲಿ ಕಳೆದ ತಿಂಗಳಿಗೆ ಸಲ್ಲುವುದಿಲ್ಲ. ಹಾಗಿದ್ದೂ ಹೊರಟವನು ದಕ್ಷಿಣ ಭಾರತದ ಆಸ್ಪತ್ರೆಯೊಂದಕ್ಕೆ ಬಂದನೆನ್ನೋಣ. ಅವನ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಐದು ಮಂದಿಯ ಆಸುಪಾಸು. ನಮ್ಮಲ್ಲಿ 2000ದಿಂದ 2019ರವರೆಗಿನ ಅಂದಾಜು ವರ್ಷಕ್ಕೆ ಸರಾಸರಿ 58,000. ಇಲ್ಲಿಯ ಡಾಕ್ಟರು ರೋಗಿಯ ರಕ್ತವನ್ನು ಶುಚಿಯಾದ, ಒಣಗಿದ ಒಂದು ಗಾಜಿನ ನಳಿಗೆಯಲ್ಲಿ ತೆಗೆದುಕೊಂಡು ಅಲುಗಿಸದೆ ಇಡುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ಒಮ್ಮೆ ವಾಲಿಸುತ್ತಾರೆ. ಹೆಪ್ಪುಗಟ್ಟಿದ್ದರೆ ಸರಿ, ಮತ್ತೆ ಕಾಯ್ದು ನೋಡಬೇಕು. ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ. ಕಟ್ಟುಹಾವಿನ ರೀತಿ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದ್ದೂ ತಿಳಿಯದು; ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಜೋಲುಬಿದ್ದಿದ್ದರೆ ಹಾವನ್ನು ಯಾರೂ ಕಾಣದಿದ್ದರೂ ಹಾವನ್ನೇ ಶಂಕಿಸಬೇಕು. ಕೋಟ್ಯಂತರ ರೂಪಾಯಿಯ ಯಂತ್ರಗಳ ನಡುವೆ ಬೆಳೆದವನಿಗೆ ಇದು ಹೊಸ ಪಾಠ. ಆದರೆ ಅವನು ನೋಡಿ ಕಲಿಯಬೇಕೇ ಹೊರತು, ಇಲ್ಲಿಯ ವೈದ್ಯ ಮಂಡಳಿಯ ಅನುಮತಿಯಿಲ್ಲದೆ ಚಿಕಿತ್ಸೆಗೆ ಕೈ ಹಾಕುವಂತಿಲ್ಲ. ನಾಲ್ಕು ವಾರದ ಅತಿಥಿಗೆ ಕಲಿಸುವ ಹೊರೆಯೂ ಮೊದಲೇ ದಣಿದ ಇಲ್ಲಿಯ ಡಾಕ್ಟರುಗಳ ಮೇಲೆಯೇ ಬೀಳುವುದೆಂಬುದನ್ನು ಬರುವವರು ಮರೆಯದಿದ್ದರೆ ಒಳಿತು.

ಭಾರತದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಶಾಖೆಯೆಂಬ ಮಾನ್ಯತೆ ದೊರೆತದ್ದು 2009ರಲ್ಲಿ. ಇಲ್ಲಿಯ ಎಂ. ಡಿ. ವಿದ್ಯಾರ್ಥಿಗಳಿಗೆ, ಯಾವ ಶಾಖೆಯವರೇ ಆಗಲಿ, 2021ರ ತಂಡದಿಂದೀಚೆಗೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯುವುದು ಕಡ್ಡಾಯವಾಯಿತು. ಇದು ಆರಿಸಿಕೊಂಡದ್ದಲ್ಲ, ಹೇರಿದ್ದು. ಗೊಣಗುವವರಿಗೆ ಕಾರಣಗಳೂ ಇವೆ - ವಸತಿ ಸರಿಯಿಲ್ಲ, ಕಲಿಸುವವರಿಲ್ಲ ಎಂದು. ಆದರೂ ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ ಓದಿದ ಹುಡುಗಿ ತನ್ನ ಭಯವೇನೆಂಬುದನ್ನು ಮೊದಲು ಕಂಡುಕೊಳ್ಳುವುದು ಅಲ್ಲಿಯೇ ಇರಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಸಾರಿತು. ಗದ್ದೆಯ ಬದುವಿನಿಂದ ನೇರವಾಗಿ ಬಂದವನ ಹೆಸರನ್ನು ದಫ್ತರದಲ್ಲಿ ಬರೆದು, ಗಾಜಿನ ನಳಿಗೆಯನ್ನು ಮೇಜಿನ ಮೇಲಿಟ್ಟು, ಅವಳು ಗಡಿಯಾರ ನೋಡುತ್ತ ಕೂರುತ್ತಾಳೆ. ಹೊರಗೆ ಜಗಲಿಯ ಮೇಲೆ ಅವನ ಮನೆಯವರು ಕುಳಿತಿದ್ದಾರೆ. ಇನ್ನೂ ಹನ್ನೊಂದು ನಿಮಿಷ ಉಳಿದಿದೆ.