ಆಶ್ರಯ ಪಡೆದ ಮನೆತನವೂ ಲೋಕಸೇವೆಯೂ

ನಮ್ಮ ದಂಡು ಪ್ರದೇಶದಲ್ಲಿ ಅಲಿ ಆಸ್ಕರ್ ರಸ್ತೆ ಎಂಬುದೊಂದುಂಟು. ಅಲ್ಲಿ ದಿನವೂ ನಡೆದಾಡುವವರಲ್ಲಿ ಆ ಹೆಸರು ಯಾರದೆಂದು ವಿಚಾರಿಸುವವರು ವಿರಳ. ಪರ್ಷಿಯಾ ದೇಶದ ಷೀರಾಜ್ ಪಟ್ಟಣದ ಆಗಾ ಅಲಿ ಆಸ್ಕರ್ ಎಂಬವರು, ತಮ್ಮ ನಾಡಿನ ಅರಸನ ಕಿರುಕುಳಕ್ಕೆ ಅಂಜಿ, ಎಳೆಯ ವಯಸ್ಸಿನಲ್ಲಿಯೇ ಸಹೋದರರೊಡನೆ ಕುದುರೆಗಳ ಹಿಂಡನ್ನು ಕರೆದುಕೊಂಡು ೧೮೨೪ರಲ್ಲಿ ಇಲ್ಲಿಗೆ ಬಂದು ಸೇರಿದರು. ದಂಡಿಗೆ ಬೇಕಾದುದು ಕುದುರೆ, ಅವರಲ್ಲಿದ್ದುದೂ ಕುದುರೆ, ವ್ಯಾಪಾರವು ಕುದುರಿತು. ಬಳಿಕ ಕಮಿಷನರ್ ಸರ್ ಮಾರ್ಕ್ ಕಬ್ಬನ್‌ರವರ ಕಾಲದಲ್ಲಿ ದಂಡಿನ ಅನೇಕ ಬಂಗಲೆಗಳನ್ನು ಇವರೇ ಕಟ್ಟಿಸಿದರು.

ಇವರ ಮೊಮ್ಮಗನಾಗಿ ೧೮೮೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರೇ ಸರ್ ಮಿರ್ಜಾ ಇಸ್ಮಾಯಿಲ್‌ರವರು. ನಾಲ್ವಡಿ ಕೃಷ್ಣರಾಜ ಒಡೆಯರವರ ಸಹಪಾಠಿಗಳಾಗಿದ್ದು, ೧೯೦೫ರಲ್ಲಿ ಸಂಸ್ಥಾನದ ಸೇವೆಗೆ ಸೇರಿ, ೧೯೨೬ರಿಂದ ೧೯೪೧ರವರೆಗೆ ದಿವಾನರಾಗಿದ್ದರು. ಹಲಸೂರಿನಿಂದ ಮೂಡಲಿಗೆ ವಿಮಾನದ ಕಾರ್ಖಾನೆಯು ೧೯೪೦ರಲ್ಲಿ ನೆಲೆಗೊಂಡುದು ಅವರ ಪ್ರೋತ್ಸಾಹದಿಂದ. ಆ ಕಾರ್ಖಾನೆಯ ಅನ್ನವನ್ನುಂಡ ಮನೆಗಳು ನಮ್ಮ ಸುತ್ತಲೂ ಎಷ್ಟಿಲ್ಲ!

ನೆಲೆ ತಪ್ಪಿದ ಮನೆತನಗಳಿಂದ ಲೋಕಸೇವಕರು ಹುಟ್ಟುವುದೇಕೆ? ಹೊಲ, ಮನೆ, ನಂಟರು ಹಿಂದುಳಿದ ಮೇಲೆ ಅಂಥವರು ಕೈಹಿಡಿದು ತರಬಹುದಾದುದು ವಿದ್ಯೆ, ಕಸುಬುಗಳು ಮಾತ್ರ. ಹೊಸ ಊರಿನಲ್ಲಿ ಅವರಿಗೆ ಮೊದಲು ಬೇಕಾಗುವುದು ಒಂದು ಸೂರು, ಮಕ್ಕಳಿಗೊಂದು ಶಾಲೆ, ಕಾಯಿಲೆಗೊಂದು ಆಸ್ಪತ್ರೆ, ಕಚೇರಿಯಲ್ಲೊಬ್ಬ ಸಹನೆಯುಳ್ಳ ಗುಮಾಸ್ತ. ಇವು ದೊರೆತರೆ ಏನಾಗುವುದೆಂಬುದನ್ನೂ ದೊರೆಯದಿದ್ದರೆ ಏನಾಗುವುದೆಂಬುದನ್ನೂ ಆ ಮನೆಯ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಆ ಕಥೆಯನ್ನು ಕೇಳಿ ಗಂಟು ಕಟ್ಟಿ ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ಅದನ್ನು ನಾವು ಮರೆಮಾಚಲಾರೆವು.

ಸೇವೆ ಮಾಡಿದವರಿಗೂ ದಾರಿ ಸುಗಮವಲ್ಲ. ೧೯೨೮ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಗಣಪತಿಯ ವಿಗ್ರಹದ ವಿಷಯವಾಗಿ ಗಲಭೆಗಳೆದ್ದಾಗ ದಿವಾನರ ಮತವನ್ನೇ ಎತ್ತಿ ಆಡಿದವರುಂಟು. ಮನೆತನವು ಈ ಊರಿಗೆ ಬಂದು ನೂರು ವರುಷ ಮೀರಿದ್ದರೂ ಆ ಮಾತು ತಪ್ಪಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯು ನೇಮಕವಾಯಿತು. ದಿವಾನರು ಮತ್ತೆ ಹದಿಮೂರು ವರುಷ ಅದೇ ಹುದ್ದೆಯಲ್ಲಿ ದುಡಿದರು.

ಆ ಅವಧಿಯ ಒಂದು ಕಾರ್ಯವನ್ನು ನಾವು ವಿಮಾನದ ಕಾರ್ಖಾನೆಗಿಂತಲೂ ಮೇಲೆಂದು ಎಣಿಸುತ್ತೇವೆ. ಬರ್ಲಿನ್ ನಗರದ ಓಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ಶಿಲ್ಪಿಯು ಯೆಹೂದ್ಯ ವಂಶದವರಾದ ಕಾರಣ ೧೯೩೩ರಲ್ಲಿ ಜರ್ಮನಿಯನ್ನು ಬಿಡಬೇಕಾಯಿತು. ಕೆಲಕಾಲ ಈಜಿಪ್ಟಿನಲ್ಲಿದ್ದ ಅವರನ್ನು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಕರೆಸಿಕೊಂಡವರು ಮಿರ್ಜಾರವರೇ. ಓಡಿಬಂದವನ ಮೊಮ್ಮಗನು ಓಡಿಬಂದವನೊಬ್ಬನಿಗೆ ಕೆಲಸ ಕೊಟ್ಟನು. ದಾನ ಕೊಡುವುದಕ್ಕಿಂತ ಇದು ಹಿರಿದು. ಏಕೆಂದರೆ ದಾನದಿಂದ ಹೊಟ್ಟೆ ತುಂಬೀತು, ಕೆಲಸದಿಂದ ಮಾನವೂ ಉಳಿಯುತ್ತದೆ. ಸಂಸ್ಥಾನದ ಮುಖ್ಯ ಶಿಲ್ಪಿಗಳಾಗಿ ಅವರು ನಮ್ಮ ವಿಜ್ಞಾನ ಮಂದಿರದಲ್ಲಿಯೂ ಕಟ್ಟಡಗಳನ್ನು ರಚಿಸಿದರು.

ಅನಂತರ ದೇಶವಿಭಜನೆಯಾಯಿತು. ಲಕ್ಷಾಂತರ ಜನರು ಮನೆಮಠ ಕಳೆದುಕೊಂಡು ಬಂದಾಗ, ೧೯೪೮ರಿಂದ ೧೯೫೧ರವರೆಗೆ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿದ್ದವರು ಇದೇ ಕೋನಿಗ್ಸ್‌ಬರ್ಗರ್‌ರವರು. ನಿರಾಶ್ರಿತರಿಗಾಗಿ ಎದ್ದ ಫರೀದಾಬಾದ್, ಗಾಂಧಿಧಾಮ ಮೊದಲಾದ ಹೊಸ ಪಟ್ಟಣಗಳ ಯೋಜನೆಯಲ್ಲಿ ಅವರ ಕೈಯಿತ್ತು. ಗಾಂಧಿಧಾಮವು ಸಿಂಧ್ ಪ್ರಾಂತದಿಂದ ಬಂದವರಿಗಾಗಿ ಕಟ್ಟಿದ ಊರು. ಆ ಸಿಂಧಿಗಳಲ್ಲಿ ಕೆಲವರು ನಮ್ಮ ಊರಿಗೂ ಬಂದು ಸೇರಿದರು. ಕಾಕ್ಸ್‌ಟೌನಿನ ಬಳಿಯ ಸಿಂಧಿ ಕಾಲೊನಿಯ ಹೆಸರು ಅದರ ಗುರುತು. ೧೯೪೨ರಲ್ಲಿ ಬರ್ಮಾದಿಂದ ಕಾಡುಮೇಡುಗಳನ್ನು ನಡೆದು ದಾಟಿ ಬಂದವರ ಮೊಮ್ಮಕ್ಕಳೂ ಮರಿಮಕ್ಕಳೂ ದಂಡಿನ ಶಾಲೆಗಳಲ್ಲಿ ಕಲಿತಿದ್ದಾರೆ. ವಿದ್ಯಾರ್ಥಿನಿಯರೇ, ನಿಮ್ಮ ಪಕ್ಕದ ಬೆಂಚಿನ ಹುಡುಗಿಯ ಅಜ್ಜಿಯು ಎಲ್ಲಿಂದ ಬಂದರು, ಬಂದ ದಿನ ಯಾರು ಬಾಗಿಲು ತೆರೆದರು ಎಂದು ಒಮ್ಮೆ ಕೇಳಿರಿ.