ಬ್ಯಾಕ್ಟೀರಿಯದ ಬೆನ್ನು ಹತ್ತಿದ ಭೌತವಿಜ್ಞಾನಿ

ಇ. ಕೊಲೈ ಬ್ಯಾಕ್ಟೀರಿಯದ ಉದ್ದ ಸುಮಾರು ಎರಡು ಮೈಕ್ರಾನ್. ಒಂದೇ ಸೆಕೆಂಡಿನಲ್ಲಿ ಅದು ತನ್ನ ಉದ್ದದ ಹತ್ತು ಪಟ್ಟಿಗಿಂತ ಹೆಚ್ಚು ದೂರ ಈಜಬಲ್ಲದು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಿದ್ದಂತೆಯೇ ಮೇಲಕ್ಕೋ ಕೆಳಕ್ಕೋ ಸರಿದು ಮಸುಕಾಗುತ್ತದೆ. ಅಂಥ ಒಂಟಿ ಜೀವಿಯ ಜಾಡನ್ನು ಬಿಡದೆ ಹಿಡಿಯುವ ಯಂತ್ರ ಕಟ್ಟಿದವರು ಅಮೆರಿಕದ ಹೋವರ್ಡ್ ಬರ್ಗ್.

ಬರ್ಗ್ ಮೊದಲು ಓದಿದ್ದು ರಸಾಯನಶಾಸ್ತ್ರ. ಹಾರ್ವರ್ಡ್‌ನಲ್ಲಿ ವೈದ್ಯಕೀಯಕ್ಕೆ ಸೇರಿ, ಅರ್ಧಕ್ಕೇ ಬಿಟ್ಟರು. ಆಮೇಲೆ ಭೌತವಿಜ್ಞಾನಿ ನಾರ್ಮನ್ ರಾಮ್ಸೆ ಅವರ ಬಳಿ ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರದ ಮೇಲೆ ಕೆಲಸ ಮಾಡಿ 1964ರಲ್ಲಿ ಪಿಎಚ್.ಡಿ. ಪಡೆದರು. ಜೀವಕೋಶಗಳತ್ತ ಹೊರಳಿದಾಗಲೂ ಅವರು ಅಳೆಯುವ ಹಟವನ್ನು ಬಿಡಲಿಲ್ಲ. ಅವರ ದೊಡ್ಡತನ ಇರುವುದು ಇಲ್ಲೇ ಎನ್ನುವುದು ನನ್ನ ನಂಬಿಕೆ.

1971ರಲ್ಲಿ ಅವರು ವಿವರಿಸಿದ ಯಂತ್ರದಲ್ಲಿ ಬ್ಯಾಕ್ಟೀರಿಯದ ಬಿಂಬ ಆಪ್ಟಿಕಲ್ ಫೈಬರ್‌ಗಳ ತುದಿಯ ಮೇಲೆ ಬೀಳುತ್ತಿತ್ತು. ಬಿಂಬ ಕೊಂಚ ಕದಲಿದರೂ ಬೆಳಕಿನ ಏರುಪೇರು ವಿದ್ಯುತ್ ಸಂಕೇತವಾಗಿ, ದ್ರವ ತುಂಬಿದ ಪುಟ್ಟ ಕೋಣೆಯನ್ನೇ ಅಷ್ಟು ಹಿಂದಕ್ಕೆ ಸರಿಸುತ್ತಿತ್ತು. ಬ್ಯಾಕ್ಟೀರಿಯ ಎಷ್ಟೇ ಈಜಲಿ, ಮಸೂರದ ಮುಂದೆಯೇ ಇರುತ್ತಿತ್ತು. ಕೋಣೆ ಸರಿದ ಲೆಕ್ಕವೇ ಅದು ಮೂರು ಆಯಾಮಗಳಲ್ಲಿ ಸಾಗಿದ ಹಾದಿ.

ಆ ಹಾದಿಯಲ್ಲಿ ಕಂಡದ್ದು, ಸುಮಾರು ಒಂದು ಸೆಕೆಂಡಿನ ನೇರ ಓಟ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊರಳಾಟ, ಮತ್ತೆ ಹೊಸ ದಿಕ್ಕು. ಇಷ್ಟದ ರಾಸಾಯನಿಕ ಹೆಚ್ಚಿರುವತ್ತ ಸಾಗುವಾಗ ಓಟ ಉದ್ದವಾಗುತ್ತದೆ. ಕಡಿಮೆಯಾಗುತ್ತಿದ್ದರೆ ಹೆಚ್ಚೇನೂ ಬದಲಾಗದು. ಗುರಿ ಎಲ್ಲಿದೆಯೆಂದು ತಿಳಿಯದೆಯೂ ಅದು ಗುರಿಯತ್ತ ಸಾಗುವುದು ಹೀಗೆ. ಡಗ್ಲಸ್ ಬ್ರೌನ್ ಜೊತೆಗೂಡಿ ಬರ್ಗ್ ಇದನ್ನು 1972ರಲ್ಲಿ ಪ್ರಕಟಿಸಿದರು.

ಈ ಜೀವಿಗೆ ನೀರೆಂದರೆ ನಮಗೆ ಜೋನಿಬೆಲ್ಲವಿದ್ದಂತೆ. ಈಜು ನಿಲ್ಲಿಸಿದ ಮರುಗಳಿಗೆಯೇ ನಿಂತುಬಿಡುತ್ತದೆ. ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಜಾರುವುದಿಲ್ಲ ಎಂದು ಎಡ್ವರ್ಡ್ ಪರ್ಸೆಲ್ ಲೆಕ್ಕ ಹಾಕಿದರು. ಪರ್ಸೆಲ್ ಕೂಡ ಭೌತವಿಜ್ಞಾನಿ, 1952ರ ನೊಬೆಲ್ ಪುರಸ್ಕೃತರು. 1977ರಲ್ಲಿ ಬರ್ಗ್ ಜೊತೆ ಸೇರಿ, ಇಷ್ಟು ಪುಟ್ಟ ಜೀವಿ ಸುತ್ತಲಿನ ಅಣುಗಳನ್ನು ಎಷ್ಟು ನಿಖರವಾಗಿ ಎಣಿಸಬಲ್ಲದು ಎಂಬ ಪ್ರಶ್ನೆಯನ್ನೂ ಬಿಡಿಸಿದರು.

ಬ್ಯಾಕ್ಟೀರಿಯವನ್ನು ಈಜಿಸುವ ಎಳೆಯಂಥ ಕಶಾಂಗ ಚಾಟಿಯಂತೆ ಬಳುಕುವುದಿಲ್ಲ, ಬುಡದಿಂದಲೇ ಗಿರ್ರನೆ ತಿರುಗುತ್ತದೆ ಎಂದು ಬರ್ಗ್ ವಾದಿಸಿದ್ದು 1973ರಲ್ಲಿ. ಮರುವರ್ಷ ಬೇರೊಂದು ತಂಡ ಕಶಾಂಗವನ್ನು ಗಾಜಿಗೆ ಅಂಟಿಸಿತು. ಬ್ಯಾಕ್ಟೀರಿಯದ ಮೈಯೇ ಸುತ್ತತೊಡಗಿತು! ಬುಡದಲ್ಲಿರುವ, ಪ್ರೋಟಾನ್‌ಗಳ ಹರಿವಿನಿಂದ ಓಡುವ ಆ ಮೋಟಾರಿನ ಅಧ್ಯಯನವನ್ನು ಬರ್ಗ್ ದಶಕಗಳ ಕಾಲ ಮುಂದುವರಿಸಿದರು. ಹೊರೆ ಹೆಚ್ಚಿದಾಗ ಮೋಟಾರು ತಿರುಗುತ್ತಲೇ ತನ್ನನ್ನು ತಿರುಗಿಸುವ ಬಲ ಕೊಡುವ ಹೊಸ ಘಟಕಗಳನ್ನು ಜೋಡಿಸಿಕೊಳ್ಳುತ್ತದೆ ಎಂದು ಅವರ ತಂಡ 2013ರಲ್ಲಿ ತೋರಿಸಿದಾಗ ಅವರಿಗೆ ಎಂಬತ್ತು ಸಮೀಪಿಸಿತ್ತು.