ಹದಿಹರೆಯದ ಸಿಟ್ಟಿನ ಹಿಂದಿರುವ ಒತ್ತಡ

ಹದಿಹರೆಯದವರ ಸಿಟ್ಟು ಬಹಳಷ್ಟು ಸಲ ಒತ್ತಡದ ಹೊರರೂಪ. ಪರೀಕ್ಷೆಯ ಹೆದರಿಕೆ, ಗೆಳೆಯರ ಮುಂದಾದ ಅವಮಾನ, ನಿದ್ದೆಗೇಡು, ಮನೆಯೊಳಗಿನ ಜಗಳ ಇವನ್ನೆಲ್ಲ ಬಾಯಿಬಿಟ್ಟು ಹೇಳಲಾಗದ ಹುಡುಗ ಬಾಗಿಲನ್ನು ಧಡಾರನೆ ಹಾಕಿಕೊಳ್ಳುತ್ತಾನೆ. ಹುಡುಗಿ ಊಟದ ತಟ್ಟೆ ಸರಿಸಿ ಎದ್ದುಹೋಗುತ್ತಾಳೆ. ಗದರಿಸಿ ಸಿಟ್ಟನ್ನು ಅಡಗಿಸಿದರೆ ಕಾರಣ ಒಳಗೇ ಉಳಿದು ಬೆಳೆಯುತ್ತದೆ.

ಈ ವಯಸ್ಸಿನಲ್ಲಿ ಸಿಟ್ಟು ಬೇಗ ಏರುವುದಕ್ಕೆ ಮಿದುಳಿನ ಬೆಳವಣಿಗೆಯೂ ಒಂದು ಕಾರಣ. ಭಯ, ಕೋಪಗಳಿಗೆ ತಟ್ಟನೆ ಪ್ರತಿಕ್ರಿಯಿಸುವ ಅಮಿಗ್ಡಲ ಹದಿಹರೆಯದಲ್ಲಿ ಬಹಳ ಚುರುಕಾಗಿರುತ್ತದೆ. ಮುಂದಾಲೋಚನೆ ಮಾಡಿ ಮನಸ್ಸನ್ನು ತಡೆದು ನಿಲ್ಲಿಸುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಮಾತ್ರ ಇಪ್ಪತ್ತೈದು ವರ್ಷದ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಒತ್ತಡ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚಿ ಎದೆ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಸ್ವಲ್ಪ ಹೊತ್ತಿನ ಒತ್ತಡದಿಂದ ಕೆಡುಕಿಲ್ಲ, ಅದು ಓದಿಗೆ ಹುರುಪನ್ನೂ ಕೊಡಬಲ್ಲದು. ವಾರಗಟ್ಟಲೆ ಬಿಡುವಿಲ್ಲದೆ ಮುಂದುವರಿದಾಗ ನಿದ್ದೆ, ಹಸಿವು, ನೆನಪು ಮೂರೂ ಕೆಡುತ್ತವೆ.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಈ ಒತ್ತಡಕ್ಕೆ ಒಂದು ನಿಶ್ಚಿತ ರೂಪವಿದೆ. ಹೌಸಿಂಗ್ ಬೋರ್ಡ್ ಕಾಲೊನಿ, ಜೆಎನ್‌ಟಿಯು ವಿಶ್ವವಿದ್ಯಾಲಯದ ಸುತ್ತಮುತ್ತಲಿನ ಈ ಪ್ರದೇಶದಲ್ಲಿ ಖಾಸಗಿ ಜೂನಿಯರ್ ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲ್‌ಗಳು ದಟ್ಟವಾಗಿವೆ. ಹತ್ತನೆಯ ತರಗತಿ ಮುಗಿಸಿದವರು ಎರಡು ವರ್ಷದ ಇಂಟರ್‌ಮೀಡಿಯೆಟ್‌ಗೆ, ಅಂದರೆ ಕರ್ನಾಟಕದ ಪಿಯುಸಿಗೆ ಸಮನಾದ ಓದಿಗೆ ಸೇರಿ, ಜೊತೆಗೇ ಜೆಇಇ, ನೀಟ್, ರಾಜ್ಯದ ಎಪ್‌ಸೆಟ್ ಪ್ರವೇಶ ಪರೀಕ್ಷೆಗಳಿಗೆ ಸಿದ್ಧರಾಗುತ್ತಾರೆ. ಅನೇಕ ರೆಸಿಡೆನ್ಷಿಯಲ್ ಕಾಲೇಜುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತರಗತಿ ಮತ್ತು ಸ್ಟಡಿ ಅವರ್ಸ್. ಮೇಲಿಂದ ಮೇಲೆ ಟೆಸ್ಟ್, ರ‍್ಯಾಂಕ್ ಪಟ್ಟಿ. ಹೈಟೆಕ್ ಸಿಟಿಯ ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಭಾಷೆಯ ಹೊರೆಯೂ ಸೇರುತ್ತದೆ. ತೆಲಂಗಾಣದಲ್ಲಿ 2018ರ ಕಾಯ್ದೆ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿದೆ. ನಡುವಿನ ತರಗತಿಗೆ ಬಂದು ಸೇರಿದ ಮಗು ಹೊಸ ಲಿಪಿ ಕಲಿಯುತ್ತಲೇ ಹೊಸ ಗೆಳೆಯರನ್ನೂ ಹುಡುಕಿಕೊಳ್ಳಬೇಕು.

ಅಂಕಕ್ಕೆ ಇಡೀ ಬದುಕಿನ ತೂಕ ಕೊಟ್ಟರೆ ಏನಾಗುತ್ತದೆ ಎಂಬುದನ್ನು ತೆಲಂಗಾಣ 2019ರ ಏಪ್ರಿಲ್‌ನಲ್ಲಿ ಕಂಡಿತು. ಇಂಟರ್‌ಮೀಡಿಯೆಟ್ ಫಲಿತಾಂಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅನುತ್ತೀರ್ಣರಾದರು. ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಫಲಿತಾಂಶದಲ್ಲೇ ತಪ್ಪುಗಳಿವೆಯೆಂಬ ದೂರು ಎದ್ದು, ಸರ್ಕಾರ ಅನುತ್ತೀರ್ಣರ ಉತ್ತರಪತ್ರಿಕೆಗಳನ್ನು ಉಚಿತವಾಗಿ ಮರುಪರಿಶೀಲಿಸಿತು. ಆಗ ಸಾವಿರಕ್ಕೂ ಹೆಚ್ಚು ಮಂದಿ ತೇರ್ಗಡೆಯಾದರು. ಫಲಿತಾಂಶ ತಿದ್ದಬಹುದು, ಪರೀಕ್ಷೆ ಮತ್ತೆ ಬರೆಯಬಹುದು. ಈ ಮಾತನ್ನು ಫಲಿತಾಂಶಕ್ಕೆ ಮೊದಲೇ ಪ್ರತಿ ಮನೆಯಲ್ಲೂ ಹೇಳಿರಬೇಕು.

ಸಿಟ್ಟನ್ನು ನಿಭಾಯಿಸುವುದು ಕಲಿತು ಬರುವ ವಿದ್ಯೆ. ಮೊದಲ ಪಾಠ, ಅದು ಏರುವ ಗುರುತನ್ನು ಹಿಡಿಯುವುದು: ಕಿವಿ ಬಿಸಿಯಾಗುವುದು, ಹಲ್ಲು ಕಚ್ಚುವುದು, ಮುಷ್ಟಿ ಬಿಗಿಯುವುದು. ಎರಡನೆಯದು, ಆ ಕ್ಷಣ ಅಲ್ಲಿಂದ ಸರಿದು ನಿಲ್ಲುವುದು. ಉಸಿರನ್ನು ನಾಲ್ಕು ಎಣಿಸುತ್ತ ಒಳಗೆಳೆದು, ಆರು ಎಣಿಸುತ್ತ ಹೊರಬಿಟ್ಟರೆ ಎದೆಬಡಿತ ನಿಧಾನವಾಗುತ್ತದೆ. ಮೂರನೆಯದು, ಮನಸ್ಸು ತಣಿದ ಮೇಲೆ ದೂರನ್ನು ಮಾತಿನಲ್ಲಿ ಹೇಳುವುದು. ‘ನೀವು ಯಾವಾಗಲೂ ಹೀಗೇ’ ಎಂದರೆ ಜಗಳ ಬೆಳೆಯುತ್ತದೆ; ‘ಎಲ್ಲರೆದುರು ನನ್ನ ಮಾರ್ಕ್ಸ್ ಹೇಳಿದಾಗ ಬೇಜಾರಾಯಿತು’ ಎಂದರೆ ಉತ್ತರಕ್ಕೆ ದಾರಿಯಾಗುತ್ತದೆ.

ದಿನಚರಿಯ ಪಾತ್ರವೂ ದೊಡ್ಡದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಬರಿಸುವ ಮೆಲಟೊನಿನ್ ಈ ವಯಸ್ಸಿನಲ್ಲಿ ತಡವಾಗಿ ಸ್ರವಿಸುವುದರಿಂದ ರಾತ್ರಿ ಬೇಗ ಕಣ್ಣು ಹತ್ತುವುದಿಲ್ಲ. ಹಾಸಿಗೆಯಲ್ಲಿ ಮೊಬೈಲ್ ಇದ್ದರೆ ನಿದ್ದೆ ಇನ್ನಷ್ಟು ಹಿಂದೆ ಸರಿಯುತ್ತದೆ. ಆಟ, ಓಟ, ಸೈಕಲ್ ಸವಾರಿ ದೇಹದ ಬಿಗಿತ ಇಳಿಸುತ್ತವೆ. ಸಂಜೆಯ ಒಂದು ಗಂಟೆ ಆಟವನ್ನು ಕಿತ್ತುಕೊಂಡರೆ ಓದಿಗೇ ನಷ್ಟ.

ಅಪ್ಪ ಅಮ್ಮಂದಿರು ಸಿಟ್ಟಿನ ಹೊತ್ತಿನಲ್ಲಿ ಬುದ್ಧಿ ಹೇಳಬಾರದು. ಅದು ಇಳಿದ ಮೇಲೆ ಪಕ್ಕದಲ್ಲಿ ಕೂತು ‘ಏನಾಯ್ತು ಮಗಾ’ ಎಂದು ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು. ಪಕ್ಕದ ಮನೆಯವರ ಮಗನ ರ‍್ಯಾಂಕಿನ ಜೊತೆ ಹೋಲಿಸುವುದು, ಕಟ್ಟಿದ ಫೀಸನ್ನು ಎತ್ತಿ ಆಡುವುದು, ನೆಂಟರ ಮುಂದೆ ಬಯ್ಯುವುದು ಮಗುವಿನ ಬಾಯಿ ಮುಚ್ಚಿಸುತ್ತವೆ. ಕೋಪ ತಪ್ಪಲ್ಲ, ಹೊಡೆಯುವುದು, ವಸ್ತು ಒಡೆಯುವುದು ತಪ್ಪು ಎಂಬ ಗೆರೆ ಸ್ಪಷ್ಟವಾಗಿರಬೇಕು. ಆ ಗೆರೆ ದೊಡ್ಡವರಿಗೂ ಅನ್ವಯಿಸಬೇಕು, ಏಕೆಂದರೆ ಮಕ್ಕಳು ಕೋಪದ ವರ್ತನೆಯನ್ನು ಮನೆಯಲ್ಲೇ ನೋಡಿ ಕಲಿಯುತ್ತಾರೆ.

ಕಾಲೇಜುಗಳ ಹೊಣೆಯೂ ಇದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದೇಶದ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ನೀಡಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರಿರಬೇಕು. ಅಂಕದ ಆಧಾರದ ಮೇಲೆ ಬ್ಯಾಚ್ ವಿಂಗಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಕೈಬಿಡಬೇಕು ಎಂದು ಅದು ಹೇಳಿದೆ. ಮಗುವನ್ನು ಸೇರಿಸುವ ಮುನ್ನ ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದಾರೆಯೇ, ಮಕ್ಕಳಿಗೆ ನಿದ್ದೆಗೆ ಎಷ್ಟು ಗಂಟೆ ಸಿಗುತ್ತದೆ, ಮನೆಗೆ ಫೋನ್ ಮಾಡಲು ಯಾವಾಗ ಬಿಡುತ್ತಾರೆ ಎಂದು ಪೋಷಕರು ಕೇಳಿ ತಿಳಿಯುವುದು ಒಳ್ಳೆಯದು.

ಎರಡು ವಾರಕ್ಕೂ ಮೀರಿ ಸಿಡುಕು, ಮಂಕು ಇಳಿಯದಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರಿಂದ ದೂರವಾದರೆ, ತನಗೋ ಇತರರಿಗೋ ನೋವು ಮಾಡಿದರೆ ವೈದ್ಯರ ನೆರವು ಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ಬರೀ ಬೆದರಿಕೆಯೆಂದು ತಳ್ಳಿಹಾಕದೆ, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯಬೇಕು. ಕೂಕಟ್‌ಪಲ್ಲಿಗೆ ಹತ್ತಿರದ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಮೆಟ್ರೊ ಅಲ್ಲಿಗೆ ಹೋಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತೆಲುಗು ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಮಾತಾಡಲು ಅವಕಾಶವಿದೆ. ಸಂಕಷ್ಟದಲ್ಲಿರುವ ಮಕ್ಕಳಿಗೆ 1098 ಸಹಾಯವಾಣಿಯೂ ಇದೆ. ಈ ಸಂಖ್ಯೆಗಳನ್ನು ಪೋಷಕರಷ್ಟೇ ಅಲ್ಲ, ಮಕ್ಕಳೂ ತಿಳಿದಿರಬೇಕು.